ಗಬ್ಬದ ಮೀನು

ಗೋಕಾಕದ ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷ ಶಾರ್ಕ್ ಪಾಠ ಮಾಡಿದ ಮೇಲೆ ನಾನು ಮೊದಲ ಸಲ ಸಮುದ್ರ ನೋಡಿದೆ. ಪ್ರಾಣಿಶಾಸ್ತ್ರದ ಲೆಕ್ಚರರ್ ಆಗಿ ಈಗ ಕೆಲಸಕ್ಕೆ ಸೇರುತ್ತಿರುವ ನಿಮಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಕಲಿಸುವ ಎಷ್ಟೋ ಜೀವಿಗಳನ್ನು ನಾವೇ ನೋಡಿರುವುದಿಲ್ಲ. ನೋಡಿದವರ ಹಾಗೆ ಮಾತಾಡುವುದು ಅಭ್ಯಾಸವಾಗಿಬಿಡುತ್ತದೆ. ಬೋರ್ಡಿನ ಮೇಲೆ ಚಿತ್ರ ಚೆನ್ನಾಗಿ ಬಂದರೆ ಹುಡುಗರು ನಂಬುತ್ತಾರೆ, ಕೊನೆಗೆ ನಾವೂ ನಂಬುತ್ತೇವೆ.

ಪ್ರಮೋಷನ್, ಬೀಳ್ಕೊಡುಗೆಯ ಶಾಲು, ಗ್ರೂಪ್ ಫೋಟೋ ಎಲ್ಲ ನನಗೂ ಸಿಕ್ಕವು, ಅವುಗಳಲ್ಲಿ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಘೋಡಗೇರಿಯ ಶೋಭಾ ಎಂಬ ವಿದ್ಯಾರ್ಥಿನಿಯ ಬಗ್ಗೆ. ಬಿ.ಎಸ್ಸಿ. ಕೊನೆಯ ವರ್ಷದ ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ಅವಳು ಒಂದು ಶಾರ್ಕ್ ಮೀನಿನ ಮುಂದೆ ಕತ್ತರಿ ಕೆಳಗಿಟ್ಟಳು. ಒಂದು ಸಲ ಫೇಲಾದರೆ ಓದು ಅಲ್ಲಿಗೇ ಮುಗಿಯಿತೆಂದು ಅವಳ ಮನೆಯಲ್ಲಿ ಮೊದಲೇ ಮಾತಾಗಿತ್ತು. ಆ ಮೀನು ಅವಳ ಮುಂದೆ ಬರಲು ಕಾರಣ ನಾನು. ಅದು ಹೇಗೆಂದು ತಿಳಿಯಬೇಕಾದರೆ ಮೀನು ನಮ್ಮೂರಿಗೆ ಬರುತ್ತಿದ್ದ ರೀತಿಯಿಂದಲೇ ಶುರು ಮಾಡಬೇಕು.

ನಾನು ಹುಕ್ಕೇರಿಯವಳು. ನಮ್ಮದು ಬೌದ್ಧ ಕುಟುಂಬ. ಅಪ್ಪ ಪ್ರೈಮರಿ ಶಾಲೆಯ ಮಾಸ್ತರರು. ಮಕ್ಕಳಲ್ಲಿ ಒಬ್ಬಳಾದರೂ ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್, ಕಪ್ಪೆಯನ್ನು ಮುಟ್ಟುವ ಮೊದಲು "ಸೇ ಥ್ಯಾಂಕ್ ಯು ಟು ಇಟ್, ಗರ್ಲ್ಸ್" ಅನ್ನುತ್ತಿದ್ದರು. ನಾವು ನಗು ತಡೆದುಕೊಂಡು ಕಪ್ಪೆಗೆ ಥ್ಯಾಂಕ್ ಯು ಹೇಳುತ್ತಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಗೋಕಾಕಕ್ಕೆ ಬಂದ ಮೊದಲ ವಾರವೇ ನಮ್ಮ ವಿಭಾಗದ ಮುಖ್ಯಸ್ಥರು ಡಿಸೆಕ್ಷನ್ ಲ್ಯಾಬನ್ನು ಪೂರ್ತಿ ನನಗೆ ವಹಿಸಿದರು. "ನಿಮಗೇನ ಅದರಾಗ ತೊಂದ್ರಿ ಇಲ್ಲ ಬಿಡ್ರಿ. ನಾವ ಮಾಡಿದ್ರ ಮನ್ಯಾಗ ಮಾತ ಬರತಾವ" ಅಂದರು. ಮಾತಿನ ಹಿಂದಿದ್ದ ಜಾತಿಯ ಲೆಕ್ಕ ಇಬ್ಬರಿಗೂ ಗೊತ್ತಿತ್ತು. ನಾನು "ಥ್ಯಾಂಕ್ ಯು ಸರ್" ಅಂದೆ. ಫ್ರ್ಯಾಂಕ್ಲಿ, ಲ್ಯಾಬು ನನಗೆ ಬೇಕೇ ಆಗಿತ್ತು.

ಸಿಲಬಸ್ಸಿನಲ್ಲಿ ಶಾರ್ಕ್ ಎಂದರೆ ಸ್ಕೋಲಿಯೋಡಾನ್. ಮೊಳದುದ್ದದ ಸಣ್ಣ ಜಾತಿ; ಚಪ್ಪಟೆ ಮೂತಿ, ಬೂದು ಬೆನ್ನು, ಬಿಳಿ ಹೊಟ್ಟೆ. ನಮ್ಮ ಪಶ್ಚಿಮ ಕರಾವಳಿಯ ಬಲೆಗಳಲ್ಲಿ ದಿನಾ ಬೀಳುವಂಥದ್ದು. ಹುಡುಗರಿಗೆ ಬೇಕಾದದ್ದು ಇದಲ್ಲ, ಗ್ರೇಟ್ ವೈಟ್ ಎಂಬ ದೈತ್ಯ ಶಾರ್ಕ್. ಆಗ ಮೂಡಲಗಿಯಲ್ಲಿ ವಿಡಿಯೋದಲ್ಲಿ ಸಿನಿಮಾ ತೋರಿಸುವ ಅಂಗಡಿ ಹೊಸದಾಗಿ ಬಂದಿತ್ತು. ಅಲ್ಲಿ ಶಾರ್ಕ್ ಸಿನಿಮಾ ನೋಡಿ ಬರುವ ಹುಡುಗರು ಪಾಠ ಶುರುವಾದ ದಿನ ಮುಂದಿನ ಬೆಂಚಿಗೆ ಬಂದು ಕೂರುತ್ತಿದ್ದರು.

"ಮೇಡಂ, ಅದು ಒಂದ ತುತ್ತಿಗೆ ಎತ್ತ ನುಂಗತೈತೇನ್ರಿ?"

"ಎತ್ತ ಸಮುದ್ರದಾಗ ಏನ ಮಾಡತೈತಲೇ, ಹೊಲಾ ಹೂಡತೈತೇನ?" ಎಂದು ಹಿಂದಿನಿಂದ ಇನ್ನೊಬ್ಬ.

ನಾನು ನಕ್ಕು ಹೇಳುತ್ತಿದ್ದೆ: ಅದು ನಮ್ಮ ಕರಾವಳಿಯ ಮೀನಲ್ಲ, ತಂಪು ನೀರಿನದು, ದೊಡ್ಡದಾದ ಮೇಲೆ ಸೀಲ್‌ಗಳನ್ನು ಹಿಡಿಯುತ್ತದೆ, ಮನುಷ್ಯರನ್ನು ಕಚ್ಚಿದರೂ ಬಹಳ ಸಲ ಒಂದೇ ಸಲ ಕಚ್ಚಿ ಬಿಟ್ಟುಹೋಗುತ್ತದೆ. ಮೈಯಲ್ಲಿ ಒಂದೂ ಮೂಳೆ ಇಲ್ಲ, ನಮ್ಮ ಹೊರಕಿವಿಯಲ್ಲಿರುವಂಥ ಮೃದ್ವಸ್ಥಿ ಮಾತ್ರ. ಸ್ನಾಯುಗಳ ಬಿಸಿ ನೀರಿಗೆ ಹೋಗದ ಹಾಗೆ ಅದರ ರಕ್ತನಾಳಗಳು ಹೆಣೆದುಕೊಂಡಿವೆ. ಹಾಗಾಗಿ ಮೀನಾದರೂ ಅದರ ಮೈ ಸುತ್ತಲಿನ ನೀರಿಗಿಂತ ಬೆಚ್ಚಗೆ. ಆಮೇಲೆ ಟ್ರೇಯಲ್ಲಿನ ಸಣ್ಣ ಶಾರ್ಕ್ ತೆಗೆದುಕೊಂಡು ಮೂತಿ ಹಿಚುಕಿ ತೋರಿಸುತ್ತಿದ್ದೆ. ಸೂಜಿಮೊನೆಯಷ್ಟು ರಂಧ್ರಗಳಿಂದ ಲೋಳೆ ಹೊರಬರುತ್ತಿತ್ತು. ಬೇರೆ ಜೀವಿಯ ಸ್ನಾಯುವಿನಲ್ಲಿ ಹರಿಯುವ ಅತಿ ಸಣ್ಣ ಕರೆಂಟು ಶಾರ್ಕಿಗೆ ತಿಳಿಯುವುದು ಆ ರಂಧ್ರಗಳಿಂದ. ದೊಡ್ಡದಕ್ಕೂ ಸಣ್ಣದಕ್ಕೂ ಅದೇ ಯಂತ್ರ. ಮರಳುಕಾಗದದಂಥ ಚರ್ಮವನ್ನು ಒಬ್ಬೊಬ್ಬರೂ ಬಾಲದಿಂದ ತಲೆಯ ಕಡೆಗೆ ಸವರಿ ಬೆರಳು ನೋಡಿಕೊಳ್ಳುತ್ತಿದ್ದರು.

ಮೀನು ಬರುತ್ತಿದ್ದುದು ಕಾರವಾರದಿಂದ, ಫಾರ್ಮಲಿನ್ ತುಂಬಿದ ಡ್ರಮ್ಮಿನಲ್ಲಿ, ಬಸ್ಸಿನ ಟಾಪಿನ ಮೇಲೆ. ಅದನ್ನು ಸ್ಟ್ಯಾಂಡಿನಿಂದ ಕೈಗಾಡಿಯಲ್ಲಿ ತರುತ್ತಿದ್ದವರು ಲ್ಯಾಬ್ ಅಟೆಂಡರ್ ಯಲ್ಲಪ್ಪ, ಮಮದಾಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ವರ್ಷ ನಾನು ಕ್ಲಾಸಿನಲ್ಲಿದ್ದಾಗ ಕಾರವಾರದ ಏಜೆಂಟನ ಫೋನ್ ಬಂತು. ಯಲ್ಲಪ್ಪನವರೇ ಎತ್ತಿಕೊಂಡರು. ಕೊಂಕಣಿಯಲ್ಲಿ ಶಾರ್ಕಿಗೆ ಮೋರಿ ಅನ್ನುತ್ತಾರೆ. ನಮ್ಮ ಕಡೆ ಮೋರಿ ಎಂದರೆ ಮುಖ. ಏಜೆಂಟ್ "ಮೋರಿ ಎಷ್ಟು ಬೇಕು?" ಎಂದು ಕೇಳಿದ್ದಾನೆ. ಯಲ್ಲಪ್ಪ ಸ್ವಲ್ಪ ಯೋಚಿಸಿ, "ಬರೇ ಮೋರಿ ತಗೊಂಡ ಏನ್ ಮಾಡೂನ್ರಿ? ಮೋರಿ ಬ್ಯಾಡ. ಪೂರಾ ಮೀನಾ ಕಳಸ್ರಿ" ಅಂದಿದ್ದಾರೆ. ಪರೀಕ್ಷೆಗೆ ಎಂಟು ದಿನವಿದ್ದಾಗ ಡ್ರಮ್ಮು ಬಂತು. ಮುಚ್ಚಳ ತೆಗೆದರೆ ಒಳಗೆ ಒಂದೂ ಶಾರ್ಕ್ ಇಲ್ಲ, ಬರೀ ಮೀಸೆಯ ಮೀನುಗಳು.

"ನೋಡ್ರಿ ಬಾಯಾರ, ಮೋರಿ ಸಮೇತ ಕಳಿಸ್ಯಾರ. ಮೀಸಿ ಸೈತ ಐತಿ" ಅಂದರು ಯಲ್ಲಪ್ಪ, ತಾವು ಮಾಡಿದ ಕೆಲಸದ ಬಗ್ಗೆ ಸಂತೋಷದಿಂದಲೇ.

ಆ ವರ್ಷ ಹೇಗೋ ಪಕ್ಕದ ಕಾಲೇಜಿನಿಂದ ಮೀನು ಸಾಲ ತಂದು ಪರೀಕ್ಷೆ ಮುಗಿಸಿದೆವು. ಆಮೇಲೆ ಆರ್ಡರನ್ನು ನಾನೇ ಕೈಗೆ ತೆಗೆದುಕೊಂಡೆ. ಯಾರಿಗೂ ಗೊಂದಲವಾಗಬಾರದೆಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದೆ: ಸ್ಕೋಲಿಯೋಡಾನ್, ಲಾರ್ಜ್ ಸೈಜ್ ಓನ್ಲಿ. ನನ್ನ ಕಾರಣ ಸರಿಯಾಗಿಯೇ ಇತ್ತು. ದೊಡ್ಡ ಮೀನಿನಲ್ಲಿ ನರ, ರಕ್ತನಾಳ ದಪ್ಪ. ಕೈ ಪಳಗದ ಹುಡುಗರಿಂದ ಹರಿಯುವುದು ಕಡಿಮೆ. ಆದರೆ ಈ ಜಾತಿಯಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದಾಗಿ ಬೆಳೆಯುತ್ತದೆ. ದೊಡ್ಡದು ಕಳಿಸಿ ಎಂದರೆ ಹೆಣ್ಣು ಕಳಿಸಿ ಎಂದಂತೆ, ಮತ್ತು ಬೆಳೆದ ಹೆಣ್ಣು ವರ್ಷದ ಯಾವ ಕಾಲಕ್ಕೆ ಸಿಕ್ಕರೂ ಹೊಟ್ಟೆಯಲ್ಲಿ ಮರಿ ಇರುವುದೇ ಹೆಚ್ಚು. ಇದು ಮೊಟ್ಟೆಯಿಡುವ ಮೀನಲ್ಲ. ಮರಿಗಳು ಒಳಗೆ ಹೊಕ್ಕುಳ ಬಳ್ಳಿಯಿಂದ ತಾಯಿಗೆ ಅಂಟಿಕೊಂಡಿರುತ್ತವೆ, ನಮ್ಮ ಹಾಗೆಯೇ. ಎಲ್ಲವನ್ನೂ ನಾನು ಥಿಯರಿ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಲ್ಯಾಬಿನಲ್ಲಿ ಮಾತ್ರ ನಮ್ಮ ಕೈಪಿಡಿ ಹೇಳಿದಂತೆ ಮಾಡುತ್ತಿದ್ದೆವು: ಮರಿಗಳಿದ್ದರೆ ಮೊದಲು ತೆಗೆದುಹಾಕುವುದು. ಯಲ್ಲಪ್ಪ ಬಕೆಟ್ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತಿದ್ದರು. ಪ್ರತಿ ವರ್ಷ ಯಾಕೆ ಇಷ್ಟು ಮರಿಗಳು ಬರುತ್ತವೆ ಎಂದು ನನಗೆ ಅನ್ನಿಸಲೇ ಇಲ್ಲ.

ಶೋಭಾಳ ತಂದೆ ಶಿವಲಿಂಗಪ್ಪನವರು ರೈತರು. ಕಬ್ಬಿನ ಜೊತೆಗೆ ನಾಲ್ಕು ಎಮ್ಮೆ ಕಟ್ಟಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ; ಮಾತು ಕಡಿಮೆ, ಆಡಿದರೆ ತೂಕ. ಮಗಳು ಪ್ರಾಣಿಶಾಸ್ತ್ರ ತೆಗೆದುಕೊಂಡಳೆಂದರೆ ದನದ ಡಾಕ್ಟರಿಕೆ ಕಲಿಯುತ್ತಾಳೆಂದು ಅವರು ತಿಳಿದಿದ್ದರು. ಅವಳು ಎರಡನೆಯ ವರ್ಷದಲ್ಲಿದ್ದಾಗ ಒಂದು ದಿನ ಸೀದಾ ಲ್ಯಾಬಿಗೇ ಬಂದರು.

"ಬಾಯಾರ, ನಮ್ಮದೊಂದ ಮಣಕ ಎಮ್ಮಿ ಐತ್ರಿ. ಎರಡ ಸಲಾ ಕೋಣ ಕೊಡಿಸಿದ್ರೂ ಗಬ್ಬ ನಿಂದರವಲ್ದು. ಏನರ ಗುಳಿಗಿ ಬರದ ಕೊಡ್ರಿ."

"ನಾನು ದನದ ಡಾಕ್ಟರ್ ಅಲ್ರಿ ಅಣ್ಣಾರ. ಇಲ್ಲಿ ಬರೇ ಕಲಸ್ತೀವಿ."

"ಪ್ರಾಣಿಶಾಸ್ತ್ರ ಅಂತ ಬಾಗಲಿಗೆ ಬೋರ್ಡ ಐತಲ್ರಿ. ಎಮ್ಮಿ ಪ್ರಾಣಿ ಅಲ್ಲೇನ್ರಿ?"

ಶೋಭಾ ಬೆಂಚಿನ ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಪಶುವೈದ್ಯರ ಹೆಸರು ಬರೆದು ಕೊಟ್ಟೆ. ಚೀಟಿ ಜೇಬಿಗೆ ಹಾಕಿಕೊಂಡವರು ಗೋಡೆಯ ಮೇಲಿನ ಗ್ರೇಟ್ ವೈಟ್ ಚಾರ್ಟಿನ ಮುಂದೆ ನಿಂತರು.

"ಇದು ಎಷ್ಟ ವರ್ಷಕ್ಕ ಗಬ್ಬ ಆಗತೈತ್ರಿ?"

ಆ ಚಾರ್ಟು ನೋಡಿದವರೆಲ್ಲ ಹಲ್ಲು ಎಷ್ಟು ಎಂದು ಕೇಳುತ್ತಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗರ್ಭಕ್ಕೆ ಗಬ್ಬ ಎಂಬ ಪದ ನಾವು ದನಕರುಗಳಿಗೆ ಹೇಳುವುದು. ಶಾರ್ಕಿಗೆ ಅದನ್ನು ಬಳಸಿದ್ದೂ ಮೊದಲ ಸಲ ಕೇಳಿದೆ. ಪುಸ್ತಕದಲ್ಲಿ ಇದ್ದುದನ್ನು ಹೇಳಿದೆ: ಹದಿನಾಲ್ಕು, ಹದಿನೈದು ವರ್ಷ.

"ಸೂಲಿಗೆ ಮರಿ ಎಷ್ಟ?"

"ಎರಡ ಇರಬಹುದು, ಎಂಟ ಹತ್ತ ಇರಬಹುದು. ಒಳಗ ಇದ್ದಾಗ ತಾಯಿಯ ಮೊಟ್ಟಿನ ತಿಂದ ಬೆಳೀತಾವ. ಹುಟ್ಟಿದಾಗ ಒಂದೊಂದು ನನ್ನ ಎದಿಮಟ್ಟ ಇರತಾವ."

"ವರ್ಷಾ ಈಯತೈತೇನ್ರಿ?"

"ಇಲ್ರಿ. ಎರಡ ಮೂರ ವರ್ಷಕ್ಕೊಮ್ಮಿ ಅಂತಾರ."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಅದು ಮೊದಲನೇ ಸೂಲಿಗೆ ಬರೂದ್ರಾಗ ನಮ್ಮ ಎಮ್ಮಿ ಏಳೆಂಟ ಸೂಲ ಮುಗಿಸಿ ಮುದಿ ಆಗಿರತೈತಿ. ಇಂಥಾದ್ದನ್ನ ಹೊಡಕೋತ ಹೋದ್ರ ಕೊಟಗಿ ಖಾಲಿ ಆಗಾಕ ಎಷ್ಟ ಹೊತ್ತ ಬೇಕ್ರಿ?"

ಹದಿನಾಲ್ಕು ಎಂದು ನಾನು ಹೇಳಿದ್ದು ತಪ್ಪು. ಶಾರ್ಕಿನ ವಯಸ್ಸನ್ನು ಬೆನ್ನುಕಂಬದ ಬಿಲ್ಲೆಗಳಲ್ಲಿರುವ ಉಂಗುರ ಎಣಿಸಿ ಹೇಳುತ್ತಾರೆ, ಕಬ್ಬಿನ ಗಣಿಕೆ ಎಣಿಸಿದ ಹಾಗೆ. ಮುದಿ ಶಾರ್ಕುಗಳಲ್ಲಿ ಉಂಗುರಗಳು ಎಣಿಸಲಾರದಷ್ಟು ಸಣ್ಣವಾಗುತ್ತವೆಂದೂ ಹಳೆಯ ಲೆಕ್ಕ ಬಹಳ ಕಡಿಮೆಯಾಗಿತ್ತೆಂದೂ ಆಮೇಲೆ ತಿಳಿಯಿತು. ಹೆಣ್ಣು ಮೊದಲ ಸಲ ಮರಿ ಹಾಕಲು ಮೂವತ್ತು ವರ್ಷ ದಾಟಬೇಕೆಂದು ಈಗ ಹೇಳುತ್ತಾರೆ. ಶಿವಲಿಂಗಪ್ಪನವರಿಗೆ ಇದನ್ನು ತಿದ್ದಿ ಹೇಳಬೇಕೆಂದು ಅನ್ನಿಸಿದಾಗ ಅವರು ಇರಲಿಲ್ಲ.

ಅವತ್ತು ಹೊರಡುವಾಗ ಅವರು 'ಮಾತು' ಆಡಿದರು. "ದನದ ಡಾಕ್ಟರ್ ಆಗದಿದ್ರ ಬ್ಯಾಡ, ಸಾಲಿ ಬಾಯಾರಾಗ್ಲಿ. ಬಿ.ಎಡ್. ಮಾಡ್ತೇನಿ ಅಂತಾಳ, ಮಾಡ್ಲಿ. ಆದ್ರ ಒಮ್ಮಿ ಫೇಲ್ ಆದ್ಳಂದ್ರ ಮತ್ತ ಕಟ್ಟಾಕ ಕಳಸೂದಿಲ್ರಿ. ಬಿತ್ತಿಗಿ ತಪ್ಪಿದ್ರ ವರ್ಷ ತಪ್ಪಿದಾಂಗ."

ಶೋಭಾ ಫೇಲಾಗುವ ಪೈಕಿ ಅಲ್ಲ. ಅವಳಷ್ಟು ನಿಧಾನದ, ನಡುಕವಿಲ್ಲದ ಕೈ ನನ್ನ ಲ್ಯಾಬಿನಲ್ಲಿ ಇನ್ನೊಂದಿರಲಿಲ್ಲ. ಮಾಂಸ ಮುಟ್ಟದ ಮನೆಯವಳು, ಹೇಗೆ ಮಾಡುತ್ತೀ ಎಂದು ಒಮ್ಮೆ ಕೇಳಿದ್ದೆ. "ಸತ್ತದ್ದನ್ನ ನೋಡಾಕೇನ್ರಿ ಮೇಡಂ, ನಾ ಕೊಂದಿಲ್ಲಲ್ರಿ" ಅಂದಿದ್ದಳು. ಪ್ರ್ಯಾಕ್ಟೀಸಿಗೆ ನಾಲ್ಕು ಜನಕ್ಕೆ ಒಂದು ಮೀನು. ಅವಳದ್ದು ಯಾವಾಗಲೂ ತಲೆಯ ನರಗಳು. ಹೊಟ್ಟೆಯ ಭಾಗ ಬೇರೆಯವರು ಮಾಡುತ್ತಿದ್ದರು.

ಪರೀಕ್ಷೆಯ ದಿನ ಡಬ್ಬಿಯಿಂದ ಚೀಟಿ ಎತ್ತಬೇಕು. ಅವಳಿಗೆ ಬಂದದ್ದು ಹೆಣ್ಣು ಶಾರ್ಕಿನ ಮೂತ್ರ ಮತ್ತು ಜನನಾಂಗಗಳು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಸಾಲುಗಳ ನಡುವೆ ತಿರುಗುತ್ತಿದ್ದರು. ನಾನು ಒಳಗಿನ ಪರೀಕ್ಷಕಳು. ಅರ್ಧ ಗಂಟೆಯ ಮೇಲೆ ನೋಡಿದರೆ ಶೋಭಾ ಹೊಟ್ಟೆ ಸೀಳಿ, ಕತ್ತರಿ ಕೆಳಗಿಟ್ಟು, ಕೈ ಒರೆಸಿಕೊಂಡು ನಿಂತಿದ್ದಳು.

"ಯಾಕ ನಿಂತಿ? ಟೈಮ್ ಹೊಂಟೈತಿ" ಅಂದರು ಪರೀಕ್ಷಕರು.

"ಸರ್, ಇದು ಗಬ್ಬ ಐತ್ರಿ."

"ಏನೈತಿ?"

"ಗಬ್ಬ ಐತ್ರಿ. ಹನ್ನೊಂದ ಮರಿ ಅದಾವ."

"ತಗದ ಬಾಜೂಕ ಇಡು. ಗರ್ಭನಾಳ ಕ್ಲಿಯರ್ ಮಾಡಿ ತೋರ್ಸು."

"ಬಳ್ಳಿ ಕತ್ತರಸಬೇಕಾಗತೈತ್ರಿ."

"ಹೌದು, ಕತ್ತರಸು."

"ನಾ ಕತ್ತರಸೂದಿಲ್ರಿ ಸರ್."

"ಸತ್ತ ಮೀನವ್ವಾ ಅದು. ಸತ್ತ ತಿಂಗಳ ಮ್ಯಾಲಾತು."

"ಗೊತ್ತೈತ್ರಿ."

ಹಿಂದಿನ ಸಾಲಿನಿಂದ ಯಾರೋ, "ಹಸರ ಸೀರಿ ತರಸ್ರಿ ಸರ್, ಕುಬಸಾ ಮಾಡೂನು" ಅಂದ. ಬಸುರಿಯ ಸೀಮಂತದ ಮಾತಿಗೆ ನಗು ಎದ್ದಿತು. ಪರೀಕ್ಷಕರು ನನ್ನ ಕಡೆ ನೋಡಿದರು. ಸ್ಪೆಸಿಮೆನ್ ಬದಲಿಸಿ ಕೊಡೋಣ ಎಂದು ನಾನು ಹೇಳಬಹುದಿತ್ತು. ಕೆಟ್ಟುಹೋದ ಮೀನನ್ನು ಬದಲಿಸಲು ಅವಕಾಶವಿತ್ತು, ಇದನ್ನೂ ಹಾಗೆಯೇ ಲೆಕ್ಕಕ್ಕೆ ಹಿಡಿಯಬಹುದಿತ್ತು. ಹೆದರಿದಾಗ ನನಗೆ ಇಂಗ್ಲಿಷ್ ಬರುತ್ತದೆ. "ಡೋಂಟ್ ಬಿ ಸಿಲ್ಲಿ, ಶೋಭಾ. ಕಂಟಿನ್ಯೂ" ಅಂದೆ.

ಅವಳು ಮುಂದುವರಿಸಿದಳು, ತನ್ನ ರೀತಿಯಲ್ಲಿ. ಒಂದು ಬಳ್ಳಿಯನ್ನೂ ಹರಿಯದೆ ಮರಿಗಳನ್ನು ಎರಡೂ ಬದಿಗೆ ಹರಡಿ, ಗುಂಡುಸೂಜಿಗೆ ಕಾಗದದ ಚೂರು ಸಿಕ್ಕಿಸಿ ಹೆಸರು ಬರೆದಳು. ಇಂಗ್ಲಿಷ್ ಹೆಸರು ಮರೆತಿತ್ತೋ ಏನೋ, ಕನ್ನಡದಲ್ಲೇ: ಹೊಕ್ಕುಳ ಬಳ್ಳಿ, ಮಾಸು, ಮರಿ. ಅಷ್ಟು ಸ್ವಚ್ಛವಾದ ಕೆಲಸವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪರೀಕ್ಷಕರೂ ಬಗ್ಗಿ ಎರಡು ನಿಮಿಷ ನೋಡಿದರು. ಆಮೇಲೆ, "ಕೇಳಿದ್ದು ಇದಲ್ಲ" ಎಂದು ಡಿಸೆಕ್ಷನ್ನಿಗೆ ಸೊನ್ನೆ ಹಾಕಿದರು. ಅವರು ಕೆಟ್ಟವರಲ್ಲ. ಕೈಪಿಡಿಯಲ್ಲಿದ್ದಂತೆ ನಡೆದರು, ಆ ಕೈಪಿಡಿಯನ್ನು ಕಲಿಸಿದವಳು ನಾನು. ಮಾರ್ಕ್ಸ್ ಲಿಸ್ಟಿಗೆ ಇಬ್ಬರ ಸಹಿಯೂ ಬೇಕು. ನಾನು ಸಹಿ ಮಾಡಿದೆ.

ರಿಸಲ್ಟ್ ಬಂದ ಮೇಲೆ ಶೋಭಾ ಕಾಲೇಜಿನ ಕಡೆ ಬರಲಿಲ್ಲ. ಅಕ್ಟೋಬರ್ ಪರೀಕ್ಷೆಗೆ ಫಾರ್ಮ್ ತುಂಬುವ ದಿನ ಹತ್ತಿರವಾಯಿತು. ಫಾರ್ಮ್ ತೆಗೆದುಕೊಂಡು ನಾನೇ ಘೋಡಗೇರಿಯ ಬಸ್ಸು ಹತ್ತಿದೆ. ಶಿವಲಿಂಗಪ್ಪನವರು ಕೊಟ್ಟಿಗೆಯ ಮುಂದೆ ಮೇವು ಕತ್ತರಿಸುತ್ತಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಫಾರ್ಮ್ ತಂದಿದ್ರ ಮಡಚಿ ಇಟಗೋರಿ. ಮಾತಂದ್ರ ಮಾತ."

"ಯಾಕ ಫೇಲ್ ಆತು ಅಂತ ಆಕಿ ಹೇಳ್ಯಾಳೇನ್ರಿ?"

"ಕೈ ನಡಗಿತಂತ."

ಶೋಭಾ ಬಾಗಿಲಲ್ಲಿ ನಿಂತಿದ್ದಳು. ಹೇಳಬೇಡಿ ಎಂಬಂತೆ ನನ್ನ ಕಡೆ ನೋಡಿದಳು. ನನ್ನನ್ನು ಉಳಿಸಲು ಆ ಸುಳ್ಳು ಹೇಳಿದ್ದಳೆಂದು ಆಗ ತಿಳಿಯಿತು.

"ಕೈ ನಡಗಲಿಲ್ರಿ ಅಣ್ಣಾರ. ಮೀನ ಗಬ್ಬ ಇತ್ತು. ಕತ್ತರಿ ಹಾಕೂದಿಲ್ಲ ಅಂದ್ಳು, ಅದಕ್ಕ ಸೊನ್ನಿ ಬಂತು."

ಅವರು ಮೇವಿನ ಸೂಡು ಕೆಳಗಿಟ್ಟರು. "ಗಬ್ಬದ್ದಕ್ಕ ಕತ್ತರಿ ಹಾಕ ಅಂದವರ ಯಾರ?"

ಹೊರಗಿನ ಪರೀಕ್ಷಕರು ಎಂದು ಹೇಳಬಹುದಿತ್ತು. ಅರ್ಧ ಸತ್ಯವೂ ಆಗುತ್ತಿತ್ತು.

"ನಾನರಿ."

"ಗಬ್ಬದ ಮೀನ ತರ್ಸಿದವರು?"

"ಅದೂ ನಾನ. ದೊಡ್ಡ ದೊಡ್ಡವು ಕಳಸ್ರಿ ಅಂತ ವರ್ಷಾ ಬರೀತಿದ್ನಿ."

"ಸಂತ್ಯಾಗ ದೊಡ್ಡ ಹೊಟ್ಟಿ ಎಮ್ಮಿ ಕಂಡ್ರ ನಾವ ಮೊದಲ ಗಬ್ಬ ಐತೋ ಇಲ್ಲೋ ಕೈಯಾಡಿಸಿ ನೋಡ್ತೀವ್ರಿ. ನಿಮಗ ಹೊರಗಿಂದ ನೋಡಿದ್ರ ಗಂಡ್ಯಾವದು ಹೆಣ್ಯಾವದು ತಿಳಿಯೂದಿಲ್ಲೇನ್ರಿ?"

ತಿಳಿಯುತ್ತದೆ. ಗಂಡು ಶಾರ್ಕಿನ ಹಿಂದಿನ ರೆಕ್ಕೆಗಳ ಒಳಬದಿಗೆ ಬೆರಳಿನಂಥ ಎರಡು ಕಡ್ಡಿಗಳಿರುತ್ತವೆ. ಮೀನನ್ನು ತಿರುಗಿಸಿದರೆ ಸಾಕು, ಮಗುವೂ ಹೇಳುತ್ತದೆ. ಪ್ರತಿ ವರ್ಷ ಕೆಂಪು ಸೀಮೆಸುಣ್ಣದಿಂದ ಅವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವಳು ನಾನೇ.

"ತಿಳೀತೈತ್ರಿ" ಅಂದೆ.

"ಮತ್ತ?"

ಅವರು ಎದ್ದು ಕೈ ತೊಳೆದು ಬಂದರು. "ಎಲ್ಲಿ ಸಹಿ ಮಾಡ್ಬೇಕ್ರಿ?"

"ನಿಮ್ಮದು ಬೇಕಾಗಿಲ್ರಿ, ಆಕಿದು ಸಾಕು."

"ಹಂಗಾರ ಮಾಡ್ಲಿ. ನೀವು ಗಂಡ ಮೀನ ಕೊಡ್ರಿ. ಆಗಿದ್ದ ಫೇಲು ಆಕಿದಲ್ಲ, ಅದನ್ನ ನಾ ಲೆಕ್ಕಕ್ಕ ಹಿಡಿಯೂದಿಲ್ಲ. ಇನ್ನ ಆದ್ರ ಅದು ಆಕಿದು. ಆಗ ಮತ್ತ ನೀವು ಫಾರ್ಮ್ ತಗೊಂಡ ಬರಬ್ಯಾಡ್ರಿ."

ಆ ಸಲದ ಮೀನನ್ನು ನಾನೇ ಆರಿಸಿ ತರಬೇಕೆಂದು ಯಲ್ಲಪ್ಪನವರ ಜೊತೆ ಕಾರವಾರಕ್ಕೆ ಹೋದೆ. ಸಮುದ್ರ ನೋಡಿದ್ದು ಆಗಲೇ. ಅದರ ಬಗ್ಗೆ ಏನಾದರೂ ಬರೆಯಬೇಕೆನ್ನಿಸುತ್ತದೆ, ಆದರೆ ನನಗೆ ನೆನಪಿರುವುದು ನೀರಲ್ಲ, ದಂಡೆಯ ಮೇಲೆ ಸುರಿದಿದ್ದ ಮೀನಿನ ರಾಶಿ. ಅದರಲ್ಲಿ ನನ್ನ ಸ್ಕೋಲಿಯೋಡಾನ್‌ಗಳೂ ಇದ್ದವು, ಗಂಡು, ಹೆಣ್ಣು, ಬೆರಳುದ್ದದ ಮರಿ ಎಲ್ಲ ಕೂಡಿ. ನಾನು ಒಂದೊಂದನ್ನೇ ತಿರುಗಿಸಿ ಕಡ್ಡಿ ನೋಡಿ ಆರಿಸುತ್ತಿದ್ದರೆ ಮಾರುವ ಹೆಂಗಸು ನೋಡುತ್ತಾ ಕೂತಿದ್ದಳು.

"ಎಂತಕ್ಕೆ ಬಾಯಿ, ಹೆಣ್ಣು ಬಿಟ್ಟು ಬರೀ ಗಂಡು?"

ಗರ್ಭದ ಹೆಣ್ಣನ್ನು ಹಿಡಿಯಬಾರದು, ಸಂತತಿ ಉಳಿಯುವುದಿಲ್ಲ ಎಂದು ಹೇಳಿದೆ. ಸ್ವಲ್ಪ ಭಾಷಣದ ಹಾಗೆಯೇ ಹೇಳಿದೆ.

"ನೀವು ಹೆಣ್ಣು ಬಿಟ್ರೆ ಅದು ವಾಪಸ್ ನೀರಿಗೆ ಹೋಗ್ತದ್ಯಾ? ಬಲೆ ಬೀಳುವಾಗ ಗಂಡಾ ಹೆಣ್ಣಾ ಅಂತ ಕೇಳ್ತದ್ಯಾ?" ಎಂದು ನಕ್ಕು ಬುಟ್ಟಿ ಹತ್ತಿರ ತಳ್ಳಿದಳು. "ಆರಿಸ್ಕೊಳ್ಳಿ, ಆರಿಸ್ಕೊಳ್ಳಿ."

ಕಾನ್ಸರ್ವೇಷನ್ ಎಂಬ ಪದವನ್ನು ಅವತ್ತಿನಿಂದ ಕ್ಲಾಸಿನಲ್ಲಿ ಹಗುರವಾಗಿ ಬಳಸಲಿಲ್ಲ. ಡ್ರಮ್ಮಿಗೆ ಏನು ತುಂಬಿದೆವು ಎಂಬುದರಿಂದ ಸಮುದ್ರದಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಬಲೆ, ಅದರ ಕಣ್ಣಿನ ಅಳತೆ, ಅದನ್ನು ಬಿಡುವ ಕಾಲ. ಸಣ್ಣ ಶಾರ್ಕ್ ಒಂದೆರಡು ವರ್ಷಕ್ಕೇ ಮರಿ ಹಾಕುತ್ತದೆ, ಒಂದಿಷ್ಟು ಕಾಲ ತಡೆದೀತು. ಗ್ರೇಟ್ ವೈಟ್ ತಡೆಯಲಾರದು. ಅದನ್ನು ಹಿಡಿಯದೇ ಇರುವುದೊಂದೇ ದಾರಿ. ಕೆಲವು ದೇಶಗಳು ಹಾಗೆ ಕಾನೂನು ಮಾಡಿದವು. ಆ ಕಾನೂನಿನ ದಿನ ಹುಟ್ಟಿದ ಹೆಣ್ಣುಮರಿ ಮೊದಲ ಸಲ ತಾಯಿಯಾಗುವ ಹೊತ್ತಿಗೆ ಕಾನೂನು ಬರೆದ ಅಧಿಕಾರಿ ರಿಟೈರ್ ಆಗಿರುತ್ತಾನೆ. ಇದನ್ನು ಹುಡುಗರಿಗೆ ಹೇಳುವಾಗ ಹಲ್ಲಿನ ಚಿತ್ರ ಆಮೇಲೆ ತೋರಿಸಿ, ವಯಸ್ಸು ಮೊದಲು ಹೇಳಿ.

ಕಾಲಕ್ರಮದಲ್ಲಿ ಡಿಸೆಕ್ಷನ್ನೇ ನಿಂತಿತು. ಮೊದಲು ಮೀನಿನ ಸಂಖ್ಯೆ ಇಳಿಯಿತು, ಆಮೇಲೆ ಪ್ಲಾಸ್ಟಿಕ್ ಮಾಡೆಲ್ ಬಂತು, ಈಗ ನಿಮ್ಮ ಕಂಪ್ಯೂಟರ್. ಹಳೆಯ ಸಹೋದ್ಯೋಗಿಗಳು ಬೇಸರಪಟ್ಟರು. ನಾನು ಪಡಲಿಲ್ಲ. ಪರದೆಯ ಮೇಲೆ ಬಳ್ಳಿಯನ್ನು ಎಷ್ಟು ಸಲ ಕತ್ತರಿಸಿದರೂ ಮತ್ತೆ ಕೂಡಿಸಬಹುದು. ಆದರೆ ಪರದೆಯ ಮುಂದೆ ಯಾರೂ ಕೈ ಒರೆಸಿಕೊಂಡು ನಿಲ್ಲುವುದಿಲ್ಲ, ಅದೊಂದನ್ನು ಗಮನಿಸಿದ್ದೇನೆ.

ಅಕ್ಟೋಬರ್ ಪರೀಕ್ಷೆಗೆ ಮತ್ತೆ ಅದೇ ಪರೀಕ್ಷಕರು ಬಂದರು. ಡ್ರಮ್ಮಿನಲ್ಲಿದ್ದುದು ಬರೀ ಗಂಡು ಮೀನು. ಶೋಭಾ ಎತ್ತಿದ ಚೀಟಿಯಲ್ಲಿ ರಕ್ತನಾಳಗಳು ಬಂದವು: ಹೃದಯದಿಂದ ಕಿವಿರುಗಳಿಗೆ ಹೋಗುವಂಥವು. ಸುಲಭದ್ದಲ್ಲ, ಒಂದು ಹರಿದರೆ ಎಲ್ಲ ಹೋಯಿತು. ಪರೀಕ್ಷಕರು ಅವಳನ್ನು ಗುರುತು ಹಿಡಿದರು.

"ಈ ಸಲ ಗಬ್ಬ ಇಲ್ಲಲ್ಲ?"

"ಇಲ್ರಿ ಸರ್. ಗಂಡ ಐತಿ."

"ಹೊಟ್ಟಿ ತಗೀದ ಹೆಂಗ ಗೊತ್ತಾತು?"

ಅವಳು ಚಿಮಟದಿಂದ ರೆಕ್ಕೆಯನ್ನು ಸ್ವಲ್ಪ ಎತ್ತಿ ಕಡ್ಡಿಗಳನ್ನು ತೋರಿಸಿ ಮತ್ತೆ ಕೆಲಸಕ್ಕೆ ಬಗ್ಗಿದಳು. ಎರಡು ತಾಸಿನ ಮೇಲೆ ಐದೂ ಜೊತೆ ನಾಳಗಳು ಬಿಳಿ ದಾರದ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಪರೀಕ್ಷಕರು ಸ್ಟೂಲ್ ಎಳೆದುಕೊಂಡು ಮೌಖಿಕ ಪ್ರಶ್ನೆ ಶುರು ಮಾಡಿದರು. ಒಂದೆರಡು ಪ್ರಶ್ನೆಯ ಮೇಲೆ ಗೋಡೆಯ ಚಾರ್ಟು ತೋರಿಸಿ ಕೇಳಿದರು.

"ಗ್ರೇಟ್ ವೈಟ್ ಯಾಕ ಕಡಿಮಿ ಆಗಾಕತ್ತೈತಿ? ಜನಾ ಹೊಡೀತಾರ ಅಂತ ಹೇಳಬ್ಯಾಡ, ಎಲ್ಲಾರೂ ಅದನ್ನ ಹೇಳ್ತಾರ."

"ಗಬ್ಬ ಆಗಾಕ ತಡಾ ಸರ್. ಸೂಲಿಗೆ ಮರಿ ಕಡಿಮಿ, ಸೂಲಿಂದ ಸೂಲಿಗೆ ವರ್ಷಗಟ್ಲೆ ಅಂತರ. ಒಂದ ದೊಡ್ಡ ಹೆಣ್ಣ ಹೋತಂದ್ರ ಅದರ ಜಾಗಾಕ್ಕ ಇನ್ನೊಂದ ಬರಾಕ ಹದಿನೈದ ವರ್ಷ ಕಾಯಬೇಕ್ರಿ. ಅಷ್ಟರಾಗ ಕೊಟಗಿ ಖಾಲಿ ಆಗಿರತೈತಿ."

"ಕೊಟಗಿ?" ಪರೀಕ್ಷಕರು ಪೆನ್ನು ನಿಲ್ಲಿಸಿದರು. "ಯಾವ ಪುಸ್ತಕದಾಗ ಐತಿ ಇದು?"

"ಪುಸ್ತಕದಾಗ ಇಲ್ರಿ ಸರ್. ನಮ್ಮ ಅಪ್ಪಾರ ಹೇಳಿದ್ದು."

ಅವರು ನನ್ನ ಕಡೆ ನೋಡಿದರು. ನಾನು ಮೈಕ್ರೋಸ್ಕೋಪ್ ಒರೆಸುತ್ತಿದ್ದೆ. ಅವರು ಅಂಕ ಬರೆದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ಆ ಬ್ಯಾಚಿನಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಇರಲಿಲ್ಲ. ಸಹಿ ಮಾಡಿ, ಲಕೋಟೆಗೆ ಹಾಕಿ, ಅರಗು ಹಚ್ಚಿದೆವು.

ಪ್ರ್ಯಾಕ್ಟಿಕಲ್ ಅಂಕಗಳನ್ನು ರಿಸಲ್ಟ್ ಬರುವ ತನಕ ಯಾರಿಗೂ ಹೇಳುವಂತಿಲ್ಲ. ಶೋಭಾಳಿಗೂ ಅದು ಗೊತ್ತಿತ್ತು, ಕೇಳಲಿಲ್ಲ. ಏಪ್ರನ್ ಮಡಚಿ ಚೀಲಕ್ಕೆ ಹಾಕಿಕೊಂಡು ಬಾಗಿಲ ತನಕ ಹೋದವಳು ತಿರುಗಿ ಬಂದಳು.

"ಮೇಡಂ, ಅಪ್ಪ ಸ್ಟ್ಯಾಂಡಿನ್ಯಾಗ ಕುಂತಾರ. ಹೆಂಗಾತು ಅಂತ ಕೇಳಿದ್ರ ನಾ ಏನ್ ಹೇಳ್ಲಿ? ನಾ ಚಲೋ ಆತು ಅಂದ್ರ ನಂಬೂದಿಲ್ಲ. ಹೋದ ಸಲಾ ಸುಳ್ಳ ಹೇಳೇನಲ್ರಿ."

ರೆಕಾರ್ಡ್ ಪುಸ್ತಕದಿಂದ ಒಂದು ಹಾಳೆ ಹರಿದು, ನಿಯಮ ಮುರಿಯದ ಹಾಗೆ, ಕನ್ನಡದಲ್ಲಿ ಎರಡು ಸಾಲು ಬರೆದುಕೊಟ್ಟೆ: "ಮೀನು ಗಂಡಿತ್ತು. ನಿಮ್ಮ ಮಗಳ ಕೈ ನಡುಗಲಿಲ್ಲ."